ಟಮ್ಮಿ ಟಕ್ ಆಪರೇಷನ್: ನಿರ್ಧಾರಕ್ಕೆ ಮುನ್ನ ಮನೆಮಂದಿಯೆಲ್ಲ ತಿಳಿದಿರಬೇಕಾದ ಸಂಗತಿಗಳು



ಎರಡನೇ ಹೆರಿಗೆಯಾಗಿ ಮೂರು ವರ್ಷ ಕಳೆದಿದೆ. ಮಗು ಶಾಲೆಗೆ ಹೋಗುತ್ತಿದೆ. ಆದರೂ ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ ಸಿಕ್ಕವರು "ಏನಾದರೂ ವಿಶೇಷವೇ?" ಎಂದು ಕೇಳುತ್ತಾರೆ. ವಾಕಿಂಗ್ ಆಯಿತು, ಯೋಗ ಆಯಿತು, ರಾತ್ರಿ ಅನ್ನ ಬಿಟ್ಟದ್ದೂ ಆಯಿತು. ತೂಕ ಇಳಿಯಿತು, ಹೊಟ್ಟೆ ಮಾತ್ರ ಹಾಗೇ ಇದೆ. ಇದು ಎಷ್ಟೋ ಮನೆಗಳ ಹೆಣ್ಣುಮಕ್ಕಳ ಮಾತು. ಅಂಥ ಹೊತ್ತಿಗೆ ಮೊಬೈಲಿನಲ್ಲಿ ಜಾಹೀರಾತು ಬರುತ್ತದೆ: "ಒಂದೇ ದಿನದಲ್ಲಿ ಚಪ್ಪಟೆ ಹೊಟ್ಟೆ, ಸುಲಭ ಕಂತು."

ಹೈದರಾಬಾದಿನಲ್ಲಿ ಬಂಜಾರಾ ಹಿಲ್ಸ್, ಜೂಬ್ಲಿ ಹಿಲ್ಸ್‌ನಿಂದ ಕೂಕಟ್‌ಪಲ್ಲಿಯವರೆಗೆ ಕಾಸ್ಮೆಟಿಕ್ ಕ್ಲಿನಿಕ್‌ಗಳ ಬೋರ್ಡುಗಳಿಗೆ ಕಡಿಮೆಯಿಲ್ಲ. ಟಮ್ಮಿ ಟಕ್ ತಕ್ಕವರಿಗೆ ನಿಜವಾಗಿಯೂ ಪ್ರಯೋಜನ ಕೊಡುವ ಆಪರೇಷನ್. ಆದರೆ ಅದು ಪಾರ್ಲರಿನ ಕೆಲಸವಲ್ಲ, ದೊಡ್ಡ ಶಸ್ತ್ರಚಿಕಿತ್ಸೆ. ಊರು ಬಿಟ್ಟು ಬಂದು, ಗಂಡ, ಹೆಂಡತಿ, ಮಕ್ಕಳು ಅಷ್ಟೇ ಇರುವ ನಮ್ಮಂಥ ಮನೆಗಳಲ್ಲಿ ಆಪರೇಷನ್ನಿಗಿಂತ ಅದರ ನಂತರದ ಆರು ವಾರವೇ ಹೆಚ್ಚು ಕಷ್ಟ. ಈ ಸಲದ ಲೇಖನ ಅದರ ಬಗ್ಗೆ. ಸ್ವಲ್ಪ ಉದ್ದವಿದೆ, ಸಮಾಧಾನದಿಂದ ಓದಿ.

*1. ಮೊದಲು ಕೇಳಿಕೊಳ್ಳಿ: ಹೊಟ್ಟೆ ಮುಂದೆ ಬಂದಿರುವುದು ಯಾವ ಕಾರಣಕ್ಕೆ?*

ಹೊಟ್ಟೆ ಮುಂದೆ ಬರಲು ಕಾರಣ ಒಂದೇ ಅಲ್ಲ. ಕಾರಣ ಬೇರೆಯಾದರೆ ಪರಿಹಾರವೂ ಬೇರೆ.

🔹 ಚರ್ಮದ ಕೆಳಗಿನ ಕೊಬ್ಬು: ಬೆರಳಿನಿಂದ ಹಿಡಿದರೆ ಕೈಗೆ ಸಿಗುವಂಥದ್ದು. ಆಹಾರ ಮತ್ತು ವ್ಯಾಯಾಮದಿಂದ ಕರಗುತ್ತದೆ. ಹಟಮಾರಿ ಕೊಬ್ಬಿಗೆ ಲೈಪೊಸಕ್ಷನ್ ಇದೆ.

🔹 ಒಳಗಿನ ಕೊಬ್ಬು: ಕರುಳು, ಯಕೃತ್ತಿನ ಸುತ್ತ ಸೇರುವ ಕೊಬ್ಬು. ಹೊಟ್ಟೆ ಗುಡಾಣದಂತೆ ಗಟ್ಟಿಯಾಗಿರುತ್ತದೆ, ಕೈಗೆ ಸಿಗುವುದಿಲ್ಲ. ನಮ್ಮ ಗಂಡಸರಲ್ಲಿ ಹೆಚ್ಚಾಗಿ ಕಾಣುವುದು ಇದೇ. ಸಕ್ಕರೆ ಕಾಯಿಲೆ, ಬಿಪಿ, ಹೃದಯದ ತೊಂದರೆಗೆ ದಾರಿ ಮಾಡುವುದೂ ಇದೇ. ಇದನ್ನು ಟಮ್ಮಿ ಟಕ್ ಆಗಲಿ, ಲೈಪೊಸಕ್ಷನ್ ಆಗಲಿ ಮುಟ್ಟುವುದೂ ಇಲ್ಲ. ಇದಕ್ಕೆ ಊಟ, ನಡಿಗೆ, ನಿದ್ದೆಯೇ ಮದ್ದು.

🔹 ಜೋತುಬಿದ್ದ ಚರ್ಮ: ಬಸಿರಿನಲ್ಲಿ ಹಿಗ್ಗಿದ ಅಥವಾ 25-30 ಕಿಲೊ ತೂಕ ಇಳಿದ ಮೇಲೆ ಸಡಿಲವಾಗಿ ಉಳಿದ ಚರ್ಮ. ಎಷ್ಟು ವ್ಯಾಯಾಮ ಮಾಡಿದರೂ ಇದು ಮೊದಲಿನಂತೆ ಬಿಗಿಯಾಗುವುದಿಲ್ಲ.

🔹 ಸ್ನಾಯುಗಳ ನಡುವಿನ ಬಿರುಕು: ಹೊಟ್ಟೆಯ ಮಧ್ಯದಲ್ಲಿ ಎದೆಯಿಂದ ಕೆಳಗಿನವರೆಗೆ ಎರಡು ಪಟ್ಟಿಯಂಥ ಸ್ನಾಯುಗಳಿವೆ. ಬಸಿರಿನಲ್ಲಿ ಮಗು ಬೆಳೆದಂತೆ ಇವು ಅಕ್ಕಪಕ್ಕಕ್ಕೆ ಸರಿಯುತ್ತವೆ. ಹೆರಿಗೆಯ ನಂತರ ಹಲವರಲ್ಲಿ ಮತ್ತೆ ಹತ್ತಿರವಾಗುತ್ತವೆ, ಕೆಲವರಲ್ಲಿ ಆಗುವುದಿಲ್ಲ. ಅಂಥವರು ಎಷ್ಟು ತೆಳ್ಳಗಿದ್ದರೂ ಊಟವಾದ ಮೇಲೆ ಐದು ತಿಂಗಳ ಬಸುರಿಯಂತೆ ಕಾಣಬಹುದು.

🔹 ಹರ್ನಿಯಾ: ಕೆಮ್ಮಿದಾಗ ಹೊಕ್ಕುಳ ಬಳಿ ಅಥವಾ ಹಳೆಯ ಆಪರೇಷನ್ ಗಾಯದ ಬಳಿ ಗಂಟಿನಂತೆ ಉಬ್ಬಿ ಬಂದರೆ ಇದರ ಅನುಮಾನ. ಇದು ಸೌಂದರ್ಯದ ವಿಷಯವಲ್ಲ, ಚಿಕಿತ್ಸೆ ಬೇಕೇ ಬೇಕು.

🔹 ಬೇರೆ ಕಾಯಿಲೆಗಳು: ಗರ್ಭಕೋಶದ ಗಡ್ಡೆ, ಅಂಡಾಶಯದ ಗಡ್ಡೆ, ಹೊಟ್ಟೆಯಲ್ಲಿ ನೀರು ತುಂಬುವುದು. ಕೆಲವೇ ವಾರಗಳಲ್ಲಿ ಹೊಟ್ಟೆ ದೊಡ್ಡದಾದರೆ, ಸ್ವಲ್ಪ ತಿಂದರೂ ಹೊಟ್ಟೆ ತುಂಬಿದಂತಾದರೆ, ಮುಟ್ಟು ನಿಂತ ಮೇಲೆ ರಕ್ತ ಕಂಡರೆ ಕಾಸ್ಮೆಟಿಕ್ ಕ್ಲಿನಿಕ್ಕಿಗೆ ಹೋಗಬೇಡಿ. ಮೊದಲು ಸ್ತ್ರೀರೋಗ ತಜ್ಞರಲ್ಲಿ ತೋರಿಸಿ, ಅಲ್ಟ್ರಾಸೌಂಡ್ ಮಾಡಿಸಿ.

*ಮನೆಯಲ್ಲೇ ಒಂದು ಪರೀಕ್ಷೆ:* ಅಂಗಾತ ಮಲಗಿ ಮಂಡಿ ಮಡಚಿ. ಹೊಕ್ಕುಳ ಮೇಲೆ ಬೆರಳುಗಳನ್ನು ಅಡ್ಡಲಾಗಿ ಇಟ್ಟು, ತಲೆಯನ್ನು ಮಾತ್ರ ಸ್ವಲ್ಪ ಎತ್ತಿ. ಎರಡು ಬದಿಯ ಸ್ನಾಯು ಬಿಗಿಯಾಗಿ, ನಡುವೆ ಎರಡು ಬೆರಳಿಗಿಂತ ಹೆಚ್ಚು ಅಗಲದ ಹಳ್ಳ ಸಿಕ್ಕರೆ ಬಿರುಕು ಉಳಿದಿದೆ ಎಂದು ಅಂದಾಜು. ಖಚಿತವಾಗಿ ಹೇಳಬೇಕಾದವರು ವೈದ್ಯರೇ.

ಬಾಣಂತನದಲ್ಲಿ ಹೊಟ್ಟೆಗೆ ಬಟ್ಟೆ ಬಿಗಿಯಾಗಿ ಕಟ್ಟಿದ್ದರೆ ಹೀಗಾಗುತ್ತಿರಲಿಲ್ಲ ಎಂದು ಅತ್ತೆ, ಅಮ್ಮಂದಿರು ಹೇಳುವುದುಂಟು. ಬಟ್ಟೆ ಕಟ್ಟಿದರೆ ಸೊಂಟಕ್ಕೆ ಆಸರೆ ಸಿಗುತ್ತದೆ, ಹಿತವೆನಿಸುತ್ತದೆ. ಆದರೆ ಸರಿದ ಸ್ನಾಯುವನ್ನು ಅದು ಜೋಡಿಸುವುದಿಲ್ಲ. ಆದ್ದರಿಂದ ಕಟ್ಟಿಸಿಕೊಳ್ಳದವರು ತಪ್ಪಿತಸ್ಥರಲ್ಲ.

ಬಿರುಕು ಚಿಕ್ಕದಾಗಿದ್ದರೆ ಮೊದಲು ಫಿಸಿಯೋಥೆರಪಿಸ್ಟ್ ಬಳಿ ಒಳಸ್ನಾಯುಗಳ ವ್ಯಾಯಾಮ ಕಲಿತು ಕೆಲವು ತಿಂಗಳು ಮಾಡಿ ನೋಡಿ. ಬಿರುಕು ಪೂರ್ತಿ ಮುಚ್ಚದಿದ್ದರೂ ಎಷ್ಟೋ ಜನರಿಗೆ ಹೊಟ್ಟೆಗೆ ಬಲ ಬರುತ್ತದೆ, ಆಪರೇಷನ್ನೇ ಬೇಡವೆನಿಸುತ್ತದೆ.

*2. ಟಮ್ಮಿ ಟಕ್ ಎಂದರೇನು?*

ವೈದ್ಯರ ಭಾಷೆಯಲ್ಲಿ ಇದಕ್ಕೆ ಅಬ್ಡೊಮಿನೋಪ್ಲಾಸ್ಟಿ ಎನ್ನುತ್ತಾರೆ. ಸಡಿಲವಾದ ಲಂಗಕ್ಕೆ ದರ್ಜಿ ಒಳಗಿನಿಂದ ಹೊಲಿಗೆ ಹಾಕಿ, ಹೆಚ್ಚಾದ ಬಟ್ಟೆ ಕತ್ತರಿಸಿ ಮೈಗೆ ಸರಿಹೊಂದಿಸುತ್ತಾನಲ್ಲ, ಹೆಚ್ಚುಕಡಿಮೆ ಹಾಗೆ.

ಪೂರ್ತಿ ಅರಿವಳಿಕೆ ಕೊಟ್ಟ ಮೇಲೆ, ಒಳಉಡುಪಿನೊಳಗೆ ಮರೆಯಾಗುವಷ್ಟು ಕೆಳಗೆ, ಸೊಂಟದ ಒಂದು ಬದಿಯಿಂದ ಇನ್ನೊಂದು ಬದಿಯವರೆಗೆ ಉದ್ದಕ್ಕೆ ಕತ್ತರಿಸುತ್ತಾರೆ. ಚರ್ಮ ಮತ್ತು ಕೊಬ್ಬಿನ ಪದರವನ್ನು ಪಕ್ಕೆಲುಬಿನ ತನಕ ಬಿಡಿಸುತ್ತಾರೆ. ಅಗಲವಾದ ಸ್ನಾಯುಗಳನ್ನು ನಡುವೆ ತಂದು ಗಟ್ಟಿ ದಾರದಿಂದ ಹೊಲಿಯುತ್ತಾರೆ. ಚರ್ಮವನ್ನು ಕೆಳಗೆ ಎಳೆದು ಹೆಚ್ಚಾದದ್ದನ್ನು ಕತ್ತರಿಸಿ ತೆಗೆಯುತ್ತಾರೆ. ಹೊಕ್ಕುಳು ತನ್ನ ಜಾಗದಲ್ಲೇ ಇರುತ್ತದೆ, ಅದಕ್ಕೆ ಹೊಸ ರಂಧ್ರ ಮಾಡಿ ಹೊರತರುತ್ತಾರೆ. ಒಳಗೆ ಸೇರುವ ನೀರು, ರಕ್ತ ಹೊರಬರಲು ಒಂದೆರಡು ಸಣ್ಣ ಪ್ಲಾಸ್ಟಿಕ್ ನಳಿಕೆ ಇಡುತ್ತಾರೆ. ಇವಕ್ಕೆ ಡ್ರೈನ್ ಎನ್ನುತ್ತಾರೆ. ಒಟ್ಟು ಎರಡರಿಂದ ನಾಲ್ಕು ಗಂಟೆಯ ಕೆಲಸ. ಸಾಮಾನ್ಯವಾಗಿ ಒಂದೆರಡು ದಿನ ಆಸ್ಪತ್ರೆಯಲ್ಲಿರಬೇಕು.

ಸಡಿಲ ಚರ್ಮ ಹೊಕ್ಕುಳ ಕೆಳಗೆ ಮಾತ್ರ ಇದ್ದರೆ 'ಮಿನಿ' ಟಮ್ಮಿ ಟಕ್ ಸಾಕು. ಕೆಲವರಿಗೆ ಪಕ್ಕೆಗಳ ಕೊಬ್ಬಿಗಾಗಿ ಜೊತೆಯಲ್ಲೇ ಲೈಪೊಸಕ್ಷನ್ ಮಾಡುತ್ತಾರೆ. ನಿಮಗೆ ಯಾವುದು ಎಂಬುದನ್ನು ಸರ್ಜನ್ ಹೊಟ್ಟೆ ಪರೀಕ್ಷಿಸಿಯೇ ಹೇಳಬೇಕು. ಫೋಟೋ ನೋಡಿ ಫೋನಿನಲ್ಲಿ ರೇಟು ಹೇಳುವವರನ್ನು ನಂಬಬೇಡಿ.

⚠️ ಇದು ತೂಕ ಇಳಿಸುವ ಆಪರೇಷನ್ ಅಲ್ಲ. ತೂಕಕ್ಕಾಗಿ ಮಾಡುವ ಬೇರಿಯಾಟ್ರಿಕ್ ಸರ್ಜರಿ ಜಠರದ ಮೇಲೆ ಮಾಡುವಂಥದ್ದು, ಅದೇ ಬೇರೆ, ಇದೇ ಬೇರೆ. ಬಸಿರಿನ ಬಿಳಿ ಗೆರೆಗಳೂ ಪೂರ್ತಿ ಹೋಗುವುದಿಲ್ಲ. ಕತ್ತರಿಸಿ ತೆಗೆದ ಚರ್ಮದಲ್ಲಿದ್ದವು ಅದರೊಂದಿಗೆ ಹೋಗುತ್ತವೆ, ಮೇಲಿನವು ಉಳಿಯುತ್ತವೆ.

*3. ಯಾರು ಕಾಯಬೇಕು, ಯಾರಿಗೆ ಬೇಡ?*

✅ ಇನ್ನೊಂದು ಮಗು ಬೇಕೆಂದಿದ್ದರೆ ಅದಾಗುವವರೆಗೆ ಕಾಯಿರಿ. ಟಮ್ಮಿ ಟಕ್ ನಂತರ ಬಸಿರಾದರೆ ಮಗುವಿಗೆ ತೊಂದರೆಯೆಂದಲ್ಲ, ಆದರೆ ಹೊಲಿದ ಸ್ನಾಯು ಮತ್ತೆ ಸಡಿಲವಾಗಿ ಖರ್ಚು, ನೋವು ಎರಡೂ ವ್ಯರ್ಥವಾಗಬಹುದು.

✅ ಹೆರಿಗೆಯಾಗಿ ಕನಿಷ್ಠ ಆರು ತಿಂಗಳಿಂದ ಒಂದು ವರ್ಷ ಕಳೆದಿರಬೇಕು, ಎದೆಹಾಲು ಬಿಡಿಸಿ ಕೆಲವು ತಿಂಗಳಾಗಿರಬೇಕು. ಸಿಸೇರಿಯನ್ ಜೊತೆಯಲ್ಲೇ "ಹೊಟ್ಟೆಯನ್ನೂ ಬಿಗಿ ಮಾಡಿಬಿಡಿ" ಎಂದು ಕೇಳುವವರಿದ್ದಾರೆ. ಅದು ಒಳ್ಳೆಯದಲ್ಲ. ಆಗ ಗರ್ಭಕೋಶ, ಚರ್ಮ ಎರಡೂ ಹಿಗ್ಗಿರುತ್ತವೆ, ಸೋಂಕು ಮತ್ತು ರಕ್ತ ಹೆಪ್ಪುಗಟ್ಟುವ ಭಯವೂ ಹೆಚ್ಚು.

✅ ತೂಕ ಕನಿಷ್ಠ ಆರು ತಿಂಗಳು ಒಂದೇ ಸಮ ಇರಬೇಕು. ಬೇರಿಯಾಟ್ರಿಕ್ ಸರ್ಜರಿ ಆದವರು ಒಂದರಿಂದ ಒಂದೂವರೆ ವರ್ಷ ಕಾಯಬೇಕು. ಬಿಎಂಐ 30 ದಾಟಿದವರಿಗೆ ಗಾಯದ ತೊಂದರೆ ಹೆಚ್ಚು, ಆದ್ದರಿಂದ ಬಹಳಷ್ಟು ಸರ್ಜನ್‌ಗಳು ಮೊದಲು ತೂಕ ಇಳಿಸಿ ಬನ್ನಿ ಎನ್ನುತ್ತಾರೆ. ಹಾಗೆ ಹೇಳುವ ವೈದ್ಯರು ನಿಮ್ಮ ಹಿತಚಿಂತಕರು.

✅ ಸಕ್ಕರೆ ಕಾಯಿಲೆ ಹತೋಟಿಯಲ್ಲಿರಬೇಕು. ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆ ಮಾಡಿಸುತ್ತಾರೆ. ರಕ್ತಹೀನತೆ ಇದ್ದರೆ ಮೊದಲು ಅದನ್ನು ಸರಿಪಡಿಸಿಕೊಳ್ಳಬೇಕು.

✅ ಬೀಡಿ, ಸಿಗರೇಟು ಮಾತ್ರವಲ್ಲ, ಗುಟ್ಕಾ, ಜರ್ದಾ, ಎಲೆಯಡಿಕೆಯ ಹೊಗೆಸೊಪ್ಪು ಕೂಡ ಆಪರೇಷನ್ನಿಗೆ ಕನಿಷ್ಠ ನಾಲ್ಕು ವಾರ ಮೊದಲೇ ಬಿಡಬೇಕು, ಆಮೇಲೂ ನಾಲ್ಕು ವಾರ ಮುಟ್ಟಬಾರದು. ನಿಕೋಟಿನ್ ರಕ್ತನಾಳಗಳನ್ನು ಕಿರಿದು ಮಾಡುತ್ತದೆ. ಎಳೆದು ಹೊಲಿದ ಚರ್ಮಕ್ಕೆ ರಕ್ತ ಸಾಲದೆ ಅದು ಕಪ್ಪಾಗಿ ಸತ್ತುಹೋಗಬಹುದು. ಮನೆಯವರೆದುರು ಹೇಳಲು ನಾಚಿಕೆಯಾದರೆ ವೈದ್ಯರೊಬ್ಬರಿಗಾದರೂ ನಿಜ ಹೇಳಿ.

✅ ಹಳೆಯ ಆಪರೇಷನ್‌ಗಳನ್ನೆಲ್ಲ ಹೇಳಿ. ಸಿಸೇರಿಯನ್ ಗಾಯ ಸಾಮಾನ್ಯವಾಗಿ ಅಡ್ಡಿಯಲ್ಲ, ತೆಗೆಯುವ ಚರ್ಮದೊಂದಿಗೆ ಅದೂ ಹೋಗುತ್ತದೆ. ಆದರೆ ಪಕ್ಕೆಲುಬಿನ ಕೆಳಗೆ ಹಳೆಯ ಪಿತ್ತಕೋಶದ ಆಪರೇಷನ್ನಿನ ಉದ್ದ ಗಾಯವಿದ್ದರೆ ಚರ್ಮಕ್ಕೆ ರಕ್ತ ಹೋಗುವ ದಾರಿಯೇ ಕಡಿಮೆಯಾಗಿರುತ್ತದೆ. ಹೊಕ್ಕುಳ ಹರ್ನಿಯಾ ಆಪರೇಷನ್ ಆಗಿದ್ದರೆ ಹೊಕ್ಕುಳಿಗೂ ಅದೇ ಭಯ. "ಅದು ಹದಿನೈದು ವರ್ಷದ ಹಿಂದಿನ ಮಾತು" ಎಂದು ಬಿಟ್ಟುಬಿಡಬೇಡಿ.

✅ ಗರ್ಭನಿರೋಧಕ ಮಾತ್ರೆ, ಹಾರ್ಮೋನು ಮಾತ್ರೆ, ಆಸ್ಪಿರಿನ್, ಆಯುರ್ವೇದ ಪುಡಿ, ತೂಕ ಇಳಿಸುವ ಇಂಜೆಕ್ಷನ್, ಯಾವುದನ್ನು ತೆಗೆದುಕೊಳ್ಳುತ್ತಿದ್ದರೂ ಹೇಳಿ. ಯಾವುದನ್ನು ಯಾವಾಗ ನಿಲ್ಲಿಸಬೇಕೆಂದು ವೈದ್ಯರೇ ತಿಳಿಸುತ್ತಾರೆ. ನೀವಾಗಿಯೇ ನಿಲ್ಲಿಸಬೇಡಿ.

*4. ಎಲ್ಲಿ ಮಾಡಿಸುತ್ತೀರಿ ಎಂಬುದೇ ಅರ್ಧ ಜೀವ*

2022ರ ಮೇ 16ರಂದು ಬೆಂಗಳೂರಿನಲ್ಲಿ ಕನ್ನಡ ಕಿರುತೆರೆ ನಟಿ ಚೇತನಾ ರಾಜ್ ತೀರಿಕೊಂಡದ್ದು ಹಲವರಿಗೆ ನೆನಪಿರಬಹುದು. ಕೊಬ್ಬು ತೆಗೆಸುವ ಆಪರೇಷನ್ನಿಗೆಂದು ಬೆಳಿಗ್ಗೆ ಖಾಸಗಿ ಕ್ಲಿನಿಕ್ಕಿಗೆ ದಾಖಲಾದ ಹುಡುಗಿ ಅದೇ ದಿನ ಇಲ್ಲವಾದಳು. ವಯಸ್ಸು 21. ಶ್ವಾಸಕೋಶದಲ್ಲಿ ನೀರು ತುಂಬಿತ್ತು ಎಂದು ವರದಿಯಾಯಿತು. ಮಗಳು ತಮಗೆ ತಿಳಿಸದೆ ಸ್ನೇಹಿತರೊಂದಿಗೆ ಹೋಗಿದ್ದಳು, ಅಲ್ಲಿ ತಕ್ಕ ಸೌಲಭ್ಯವಿರಲಿಲ್ಲ ಎಂದು ಹೆತ್ತವರು ದೂರಿದರು. ಅದು ಟಮ್ಮಿ ಟಕ್ ಅಲ್ಲ. ಆದರೂ "ಸಣ್ಣ ಆಪರೇಷನ್, ಸಂಜೆಗೆ ಮನೆ" ಎನ್ನುವ ಮಾತಿಗೆ ತಲೆಯಾಡಿಸುವ ಮುನ್ನ ಆ ಮಗುವನ್ನು ನೆನೆಯಬೇಕು. ಮನೆಯವರಿಂದ ಮುಚ್ಚಿಟ್ಟು ಇಂಥ ಆಪರೇಷನ್ ಮಾಡಿಸಿಕೊಳ್ಳಬಾರದು. ಮನೆಯವರೂ ಅಷ್ಟೇ, ಮಗಳಾಗಲಿ ಸೊಸೆಯಾಗಲಿ ಹೇಳಿಕೊಂಡಾಗ ನಗಬಾರದು, ಗದರಬಾರದು. ನಕ್ಕರೆ ಮುಂದಿನ ಸಲ ಹೇಳದೆ ಹೋಗುತ್ತಾರೆ.

ನೋಡಿಕೊಳ್ಳಬೇಕಾದ್ದು:

▪️ *ಸರ್ಜನ್:* ಎಂಬಿಬಿಎಸ್, ಎಂಎಸ್ ನಂತರ ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂಸಿಎಚ್ ಅಥವಾ ಡಿಎನ್‌ಬಿ ಮಾಡಿರಬೇಕು. 'ಕಾಸ್ಮೆಟಾಲಜಿ' ಸರ್ಟಿಫಿಕೇಟ್ ಇದ್ದರೆ ಸಾಲದು. ತೆಲಂಗಾಣ ಮೆಡಿಕಲ್ ಕೌನ್ಸಿಲ್ ನೋಂದಣಿ ಸಂಖ್ಯೆ ಕೇಳಿ. ಕೇಳುವುದು ಅವಮಾನವಲ್ಲ.

▪️ *ಅರಿವಳಿಕೆ ತಜ್ಞರು:* ಯಾರು ಕೊಡುತ್ತಾರೆ, ಕೊನೆಯವರೆಗೆ ಪಕ್ಕದಲ್ಲೇ ಇರುತ್ತಾರೆಯೇ? ಈ ಪ್ರಶ್ನೆಗೆ ಹೈದರಾಬಾದಿನಲ್ಲಿ ದೊಡ್ಡ ಇತಿಹಾಸವೇ ಇದೆ. ಕ್ಲೋರೋಫಾರ್ಮ್ ಕೊಟ್ಟಾಗ ರೋಗಿಗಳು ಏಕೆ ಸಾಯುತ್ತಾರೆ ಎಂದು ತಿಳಿಯಲು 1888 ಮತ್ತು 1889ರಲ್ಲಿ ನಿಜಾಮರ ನೆರವಿನಿಂದ ಡಾ. ಎಡ್ವರ್ಡ್ ಲಾರಿ ಇದೇ ಊರಿನಲ್ಲಿ ಎರಡು ಆಯೋಗ ನಡೆಸಿದರು. ಉಸಿರಾಟದ ಮೇಲೆ ಸದಾ ಕಣ್ಣಿರಬೇಕು ಎಂದು ಅವರು ಹೇಳಿದರು. ಹೃದಯದ ಮೇಲೂ ಕಣ್ಣಿರಬೇಕು ಎಂಬುದು ಮುಂದೆ ತಿಳಿಯಿತು. ಇಂದು ಯಂತ್ರಗಳಿವೆ, ಆದರೂ ಯಂತ್ರ ನೋಡುವ ತಜ್ಞರು ಬೇಕು.

▪️ *ಐಸಿಯು:* ಅದೇ ಕಟ್ಟಡದಲ್ಲಿ ಇದೆಯೇ? ರಕ್ತ ಬೇಕಾದರೆ ಎಲ್ಲಿಂದ? ರಾತ್ರಿ ಡ್ಯೂಟಿ ಡಾಕ್ಟರ್ ಇರುತ್ತಾರೆಯೇ? ಉತ್ತರ ತೊದಲಿದರೆ ಅಲ್ಲಿಂದ ಎದ್ದು ಬನ್ನಿ.

▪️ *ಎರಡನೇ ಅಭಿಪ್ರಾಯ:* ಪಂಜಗುಟ್ಟದ ನಿಮ್ಸ್, ಉಸ್ಮಾನಿಯಾ ಆಸ್ಪತ್ರೆ, ಸಿಕಂದರಾಬಾದಿನ ಗಾಂಧಿ ಆಸ್ಪತ್ರೆ, ಈ ಮೂರೂ ಕಡೆ ಪ್ಲಾಸ್ಟಿಕ್ ಸರ್ಜರಿ ವಿಭಾಗಗಳಿವೆ. ಸಾಲಿನಲ್ಲಿ ಕಾಯಬೇಕಾದೀತು, ಆದರೆ ಏನನ್ನೂ ಮಾರಲು ಕೂತಿಲ್ಲದ ವೈದ್ಯರ ಮಾತು ಕೇಳಬಹುದು.

▪️ *ಒಪ್ಪಿಗೆ ಪತ್ರ:* ಇಂಗ್ಲಿಷಿನಲ್ಲೋ ತೆಲುಗಿನಲ್ಲೋ ಇರುತ್ತದೆ. ಅರ್ಥವಾಗದೆ ಸಹಿ ಹಾಕಬೇಡಿ. ಚಿಕಿತ್ಸೆಯ ಸ್ವರೂಪ, ಲಾಭ, ಅಪಾಯ, ಬೇರೆ ದಾರಿ ಎಲ್ಲವನ್ನೂ ರೋಗಿಗೆ ತಿಳಿಸಿಯೇ ಒಪ್ಪಿಗೆ ಪಡೆಯಬೇಕು, ಒಂದು ಚಿಕಿತ್ಸೆಗೆ ಕೊಟ್ಟ ಒಪ್ಪಿಗೆ ಇನ್ನೊಂದಕ್ಕೆ ಸಲ್ಲದು ಎಂದು ಸುಪ್ರೀಂ ಕೋರ್ಟ್ 2008ರಲ್ಲೇ ಹೇಳಿದೆ. ಹಿಂದಿನ ದಿನವೇ ಪತ್ರ ಕೇಳಿ ಪಡೆದು, ಓದಿ ಹೇಳುವವರನ್ನು ಕೂರಿಸಿಕೊಳ್ಳಿ.

*5. ಖರ್ಚು ಮತ್ತು ಇನ್ಶೂರೆನ್ಸ್*

ಸೌಂದರ್ಯಕ್ಕಾಗಿ ಮಾಡಿಸುವ ಆಪರೇಷನ್ನಿಗೆ ಆರೋಗ್ಯ ವಿಮೆ ಹಣ ಕೊಡುವುದಿಲ್ಲ. ಅಪಘಾತ, ಸುಟ್ಟಗಾಯ, ಕ್ಯಾನ್ಸರ್ ನಂತರದ ಪುನರ್‌ನಿರ್ಮಾಣ ಅಥವಾ ವೈದ್ಯಕೀಯವಾಗಿ ಅಗತ್ಯ ಎಂದು ಡಾಕ್ಟರು ಬರೆದುಕೊಟ್ಟ ಚಿಕಿತ್ಸೆಗೆ ಮಾತ್ರ ವಿನಾಯಿತಿ. ಜೊತೆಯಲ್ಲಿ ಹರ್ನಿಯಾ ಇದ್ದರೆ ಆ ಭಾಗಕ್ಕೆ ಹಣ ಸಿಗಬಹುದು. ಅದಕ್ಕೂ ಕಾಯುವ ಅವಧಿ ಇರುತ್ತದೆ. ಮೊದಲೇ ವಿಮಾ ಕಂಪನಿಯಿಂದ ಬರಹದಲ್ಲಿ ಪಡೆಯಿರಿ. ಹರ್ನಿಯಾ ಇಲ್ಲದಿದ್ದರೂ "ಹರ್ನಿಯಾ ಎಂದು ಬರೆದುಕೊಡುತ್ತೇವೆ" ಎನ್ನುವ ಕ್ಲಿನಿಕ್ಕಿನಿಂದ ದೂರವಿರಿ. ಬಿಲ್ಲಿನಲ್ಲಿ ಸುಳ್ಳು ಬರೆಯುವವರು ಬೇರೆ ಕಡೆ ಬರೆಯುವುದಿಲ್ಲ ಎಂದು ಏನು ನಂಬಿಕೆ?

ಸಾಮಾನ್ಯ ಚಿಕಿತ್ಸೆಗೆ ಜಿಎಸ್‌ಟಿ ಇಲ್ಲ, ಕಾಸ್ಮೆಟಿಕ್ ಸರ್ಜರಿಗೆ 18 ಶೇಕಡಾ ಇದೆ. ಎರಡು ಲಕ್ಷ ಎಂದರೆ ಮೇಲೆ 36,000. ಹೇಳಿದ ದರದಲ್ಲಿ ತೆರಿಗೆ, ಅರಿವಳಿಕೆ, ಕೊಠಡಿ, ಪಟ್ಟಿ, ಬೆಲ್ಟು, ನಂತರದ ಭೇಟಿಗಳು ಸೇರಿವೆಯೇ? ತೊಂದರೆಯಾಗಿ ಮತ್ತೆ ಥಿಯೇಟರಿಗೆ ಒಯ್ಯಬೇಕಾದರೆ ಖರ್ಚು ಯಾರದು? ಎಲ್ಲವನ್ನೂ ಕಾಗದದ ಮೇಲೆ ಬರೆಸಿಕೊಳ್ಳಿ.

*6. ಆಪರೇಷನ್ ನಂತರ ಏನೇನಾಗುತ್ತದೆ?*

*ಮೊದಲ ಮೂರು ದಿನ:* ನೋವು ಇರುತ್ತದೆ. ಕೆಮ್ಮು, ನಗು, ಸೀನು ಎಲ್ಲವೂ ಹೊಟ್ಟೆಗೆ ಎಳೆಯುತ್ತವೆ. ಕೆಮ್ಮುವಾಗ ಹೊಟ್ಟೆಗೆ ದಿಂಬು ಒತ್ತಿ ಹಿಡಿಯಿರಿ. ಅಂದು ಸಂಜೆಯೋ ಮರುದಿನವೋ ಎಬ್ಬಿಸಿ ನಡೆಸುತ್ತಾರೆ. "ಪಾಪ, ಮಲಗಿರಲಿ ಬಿಡಿ" ಎನ್ನಬೇಡಿ. ಕಾಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವುದು ಆ ನಡಿಗೆಯೇ.

*ಮೊದಲ ವಾರ:* ನೆಟ್ಟಗೆ ನಿಲ್ಲಲಾಗದು, ಅಜ್ಜಿಯಂತೆ ಬಾಗಿ ನಡೆಯಬೇಕು. ಇದು ಸಹಜ. ಮಲಗುವಾಗ ಬೆನ್ನಿಗೆ ಎರಡು ಮೂರು ದಿಂಬು, ಮಂಡಿ ಕೆಳಗೊಂದು. ಡ್ರೈನ್‌ನಲ್ಲಿ ಬಂದ ನೀರನ್ನು ದಿನವೂ ಅಳೆದು ಪುಸ್ತಕದಲ್ಲಿ ಬರೆಯಿರಿ. ಸಾಮಾನ್ಯವಾಗಿ ದಿನಕ್ಕೆ 30 ಎಂಎಲ್‌ಗಿಂತ ಕಡಿಮೆಯಾದ ಮೇಲೆ ತೆಗೆಯುತ್ತಾರೆ. ಅದಕ್ಕೆ ಕೆಲವು ದಿನದಿಂದ ಎರಡು ವಾರ ಬೇಕಾಗಬಹುದು.

*ಎರಡು ಮೂರು ವಾರ:* ಕೂತು ಮಾಡುವ ಕೆಲಸಕ್ಕೆ ಹೆಚ್ಚಿನವರು ಮರಳಬಹುದು. ಮನೆಯಿಂದಲೇ ಕೆಲಸ ಮಾಡುವ ಅನುಮತಿ ಇದ್ದರೆ ಇನ್ನೂ ಒಳ್ಳೆಯದು. ನೋವಿನ ಮಾತ್ರೆ ನಿಂತು, ಜೋರಾಗಿ ಬ್ರೇಕ್ ಒತ್ತುವ ಧೈರ್ಯ ಬರುವವರೆಗೆ ಕಾರು ಓಡಿಸಬೇಡಿ. ಸ್ಕೂಟಿ ಇನ್ನೂ ತಡವಾಗಿ.

*ಆರು ವಾರದವರೆಗೆ:* ಬಿಗಿ ಬೆಲ್ಟು ಹಾಕಬೇಕು, ನಾಲ್ಕೈದು ಕಿಲೊಗಿಂತ ಭಾರ ಎತ್ತಬಾರದು.

*ಮೂರು ತಿಂಗಳು ಮತ್ತು ಮುಂದೆ:* ಊತ ನಿಧಾನವಾಗಿ ಇಳಿಯುತ್ತದೆ. ಒಂದು ತಿಂಗಳಿಗೇ ಕನ್ನಡಿ ನೋಡಿ ನಿರಾಶರಾಗಬೇಡಿ. ಹೊಕ್ಕುಳ ಕೆಳಗೆ ಸ್ಪರ್ಶ ಗೊತ್ತಾಗದಿರುವುದು ತಿಂಗಳುಗಟ್ಟಲೆ ಇರಬಹುದು, ಸ್ವಲ್ಪ ಜಾಗದಲ್ಲಿ ಕಾಯಂ ಉಳಿಯಲೂಬಹುದು. ಅಲ್ಲಿ ಬಿಸಿನೀರಿನ ಚೀಲ ಇಡಬೇಡಿ, ಸುಟ್ಟರೂ ಗೊತ್ತಾಗದು. ಗಾಯದ ಗೆರೆ ತಿಳಿಯಾಗಲು ವರ್ಷ, ಒಂದೂವರೆ ವರ್ಷ ಬೇಕು. ಮಾಯವಂತೂ ಆಗುವುದಿಲ್ಲ. ಕಿವಿ ಚುಚ್ಚಿಸಿದ ಜಾಗ ಗಂಟುಕಟ್ಟಿದವರು ಮೊದಲೇ ಹೇಳಬೇಕು.

*ಪಥ್ಯದ ಮಾತು:* ನಂಜಾಗುತ್ತದೆಂದು ಬದನೆಕಾಯಿ, ಬೇಳೆ, ಮೊಸರು, ಮೊಟ್ಟೆ ಎಲ್ಲ ನಿಲ್ಲಿಸಿ ಬರೀ ಗಂಜಿ, ಬ್ರೆಡ್ಡು ಕೊಡುವ ಮನೆಗಳಿವೆ. ಗಾಯ ಮಾಯಲು ಪ್ರೋಟೀನು ಬೇಕು. ಬೇಳೆ, ಮೊಳಕೆ ಕಾಳು, ಮೊಸರು, ತಿನ್ನುವವರಿಗೆ ಮೊಟ್ಟೆ, ಮೀನು ಎಲ್ಲವೂ ಇರಲಿ. ನೋವಿನ ಮಾತ್ರೆಗಳಿಂದ ಮಲಬದ್ಧತೆಯಾಗುತ್ತದೆ, ತಿಣುಕಿದರೆ ಹೊಲಿಗೆಗೆ ಕಷ್ಟ. ಸೊಪ್ಪು, ಹಣ್ಣು, ಸಾಕಷ್ಟು ನೀರು ಕೊಡಿ.

*7. ಊರು ದೂರ ಇರುವವರ ತಯಾರಿ*

ಊರಿನಲ್ಲಾದರೆ ಅತ್ತಿಗೆ, ಚಿಕ್ಕಮ್ಮ, ಪಕ್ಕದ ಮನೆಯವರು ಇರುತ್ತಿದ್ದರು. ಇಲ್ಲಿ ಇರುವುದು ನಾವೇ. ಆಪರೇಷನ್ ದಿನಾಂಕಕ್ಕಿಂತ ಮೊದಲು ಈ ಪಟ್ಟಿ ಮಾಡಿ:

▪️ ಎರಡು ವರ್ಷದ ಮಗು ಸುಮಾರು 12 ಕಿಲೊ. 20 ಲೀಟರಿನ ನೀರಿನ ಕ್ಯಾನು 20 ಕಿಲೊ. ತುಂಬಿದ ಸಿಲಿಂಡರಿನಲ್ಲಿ ಗ್ಯಾಸೇ 14.2 ಕಿಲೊ. ಆರು ವಾರ ಇವನ್ನು ಯಾರು ಎತ್ತುತ್ತಾರೆ? ಅಳುವ ಮಗುವನ್ನು ಎತ್ತಿಕೊಳ್ಳದೆ ಇರುವುದು ತಾಯಿಗೆ ಬಹಳ ಕಷ್ಟ. ಮೊದಲೇ ಮಗುವಿಗೆ ಪಕ್ಕದಲ್ಲಿ ಕೂತು ಅಪ್ಪಿಕೊಳ್ಳುವ ರೂಢಿ ಮಾಡಿಸಿ.

▪️ ಕನಿಷ್ಠ ಎರಡು ವಾರ ಅಮ್ಮನೋ ಅಕ್ಕನೋ ಬಂದಿರಲಿ, ಅಥವಾ ಗಂಡ ರಜೆ ಹಾಕಲಿ. ಚಪಾತಿ ಹಿಟ್ಟು ನಾದುವುದು, ರೊಟ್ಟಿ ತಟ್ಟುವುದು, ನೆಲ ಒರೆಸುವುದು, ಎಲ್ಲಕ್ಕೂ ಹೊಟ್ಟೆಯ ಸ್ನಾಯುವೇ ಬೇಕು.

▪️ ನೆಲದ ಮೇಲಿನ ಹಾಸಿಗೆ, ಕುಕ್ಕರಗಾಲಿನ ಶೌಚಾಲಯ ಬೇಡ. ಮಂಚ ಮತ್ತು ಕಮೋಡ್ ಕುರ್ಚಿ ಸಿದ್ಧವಿರಲಿ. ಲಿಫ್ಟಿಲ್ಲದ ಮೂರನೇ ಮಹಡಿಯಾದರೆ ಅದನ್ನೂ ಯೋಚಿಸಿ.

▪️ "ಇಲ್ಲಿ ಆಪರೇಷನ್, ರೆಸ್ಟಿಗೆ ಊರಿಗೆ" ಎಂಬ ಲೆಕ್ಕಾಚಾರ ನಮ್ಮಲ್ಲಿ ಸಾಮಾನ್ಯ. ಇದು ಅಪಾಯಕಾರಿ. ರಾಯಚೂರು, ಕಲಬುರಗಿಗೆ ನಾಲ್ಕೈದು ಗಂಟೆ, ಬೆಂಗಳೂರಿಗೆ ಇಡೀ ರಾತ್ರಿ. ಕಾಲು ಇಳಿಬಿಟ್ಟು ಅಷ್ಟು ಹೊತ್ತು ಕೂತರೆ ರಕ್ತ ಹೆಪ್ಪುಗಟ್ಟುವ ಭಯ ಹೆಚ್ಚುತ್ತದೆ. ಊರಿಗೆ ಹೋದ ಮೇಲೆ ಗಾಯ ಕೆಟ್ಟರೆ ಮಾಡಿದ ಸರ್ಜನ್ ಇಲ್ಲಿ, ನೀವು ಅಲ್ಲಿ. ಡ್ರೈನ್ ತೆಗೆದು ವೈದ್ಯರು ಹ್ಞೂಂ ಎನ್ನುವವರೆಗೆ ಇಲ್ಲೇ ಇರಿ. ಊರಿನವರನ್ನೇ ಇಲ್ಲಿಗೆ ಕರೆಸಿಕೊಳ್ಳಿ.

*8. ತೊಂದರೆಗಳು: ಯಾವುದಕ್ಕೆ ಓಡಬೇಕು?*

ಹೆಚ್ಚಾಗಿ ಕಾಣುವುದು ಚರ್ಮದ ಕೆಳಗೆ ನೀರು ನಿಲ್ಲುವುದು. ಸೂಜಿಯಿಂದ ತೆಗೆಯುತ್ತಾರೆ. ಸೋಂಕು, ರಕ್ತ ಗಡ್ಡೆಕಟ್ಟುವುದು, ಹೊಲಿಗೆ ಬಿಡುವುದು, ಚರ್ಮ ಕಪ್ಪಾಗುವುದೂ ಉಂಟು. ಅಪರೂಪವಾದರೂ ಎಲ್ಲಕ್ಕಿಂತ ಭಯಂಕರವಾದದ್ದು ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶಕ್ಕೆ ಹೋಗಿ ಸಿಕ್ಕಿಕೊಳ್ಳುವುದು. ಸೌಂದರ್ಯದ ಆಪರೇಷನ್‌ಗಳಲ್ಲಿ ಈ ಭಯ ಟಮ್ಮಿ ಟಕ್‌ಗೆ ಹೆಚ್ಚು.

🚨 *ಕೂಡಲೇ 108ಕ್ಕೆ ಕರೆ ಮಾಡಿ:* ಇದ್ದಕ್ಕಿದ್ದಂತೆ ಉಸಿರು ಕಟ್ಟುವುದು, ಎದೆನೋವು, ಕೆಮ್ಮಿನಲ್ಲಿ ರಕ್ತ, ತಲೆಸುತ್ತಿ ಬೀಳುವುದು.

🚨 *ಅದೇ ದಿನ ಆಸ್ಪತ್ರೆಗೆ:* ಒಂದು ಕಾಲಿನ ಮೀನಖಂಡ ಮಾತ್ರ ಊದಿ ನೋಯುವುದು, 101 ಡಿಗ್ರಿಗಿಂತ ಹೆಚ್ಚು ಜ್ವರ, ಗಾಯದಲ್ಲಿ ಕೀವು ಅಥವಾ ವಾಸನೆ, ಚರ್ಮ ಕಪ್ಪಾಗುವುದು, ಹೊಟ್ಟೆಯ ಒಂದು ಬದಿ ಏಕಾಏಕಿ ಊದುವುದು, ಡ್ರೈನ್‌ನಲ್ಲಿ ಕೆಂಪು ರಕ್ತ ಹೆಚ್ಚುವುದು.

*ಒಂದು ಭಾಷೆಯ ಎಚ್ಚರಿಕೆ, ದಯವಿಟ್ಟು ಗಮನಿಸಿ:* ಕನ್ನಡದಲ್ಲಿ 'ಆಯಾಸ' ಎಂದರೆ ದಣಿವು. ತೆಲುಗಿನಲ್ಲಿ 'ಆಯಾಸಂ' ಎಂದರೆ ಉಸಿರಾಟದ ತೊಂದರೆ. ನರ್ಸಮ್ಮ ಬಂದು "ಆಯಾಸಂಗಾ ಉಂದಾ?" ಎಂದು ಕೇಳಿದರೆ ಅವರು ಕೇಳುತ್ತಿರುವುದು ಉಸಿರು ಸರಾಗವಾಗಿದೆಯೇ ಎಂದು. ದಣಿವಾಗಿದೆಯೇ ಎಂದು ತಿಳಿದು "ಇಲ್ಲ, ಚೆನ್ನಾಗಿದ್ದೇನೆ" ಎಂದುಬಿಟ್ಟರೆ ಅಮೂಲ್ಯ ಸಮಯ ಹೋದೀತು. ಊರಿಂದ ಬಂದು ರೋಗಿಯ ಪಕ್ಕ ಕೂರುವ ಅಮ್ಮನಿಗೆ ಈ ನಾಲ್ಕು ಮಾತು ಚೀಟಿಯಲ್ಲಿ ಬರೆದುಕೊಡಿ:

▪️ ಉಸಿರಾಡಲು ಆಗುತ್ತಿಲ್ಲ: *ಊಪಿರಿ ಆಡಡಂ ಲೇದು*
▪️ ಎದೆನೋವು: *ಗುಂಡೆಲ್ಲೋ ನೊಪ್ಪಿ*
▪️ ಮೀನಖಂಡದಲ್ಲಿ ನೋವು, ಊತ: *ಪಿಕ್ಕಲ್ಲೋ ನೊಪ್ಪಿ, ವಾಪು*
▪️ ಹೊಲಿಗೆಯಲ್ಲಿ ಕೀವು: *ಕುಟ್ಲಲ್ಲೋ ಚೀಮು*

*9. ಕೊನೆಯದಾಗಿ*

ಹೊಟ್ಟೆ ಮುಂದಿದೆ ಎಂದು ಯಾರೂ ಕಡಿಮೆಯವರಲ್ಲ. ಎರಡು ಜೀವ ಹೊತ್ತು ಹೆತ್ತ ಹೊಟ್ಟೆಗೆ ಗುರುತು ಉಳಿಯುವುದು ಸಹಜ. ಹಾಗೆಂದು, ಬೆನ್ನುನೋವು, ಮಡಿಕೆಯಲ್ಲಿ ಹುಣ್ಣು, ಮನಸ್ಸಿನ ಕಿರಿಕಿರಿಗೆ ಚಿಕಿತ್ಸೆ ಬೇಕೆನ್ನುವವರನ್ನು ಶೋಕಿ ಎಂದು ಹೀಯಾಳಿಸುವುದೂ ಸರಿಯಲ್ಲ. ನಿರ್ಧಾರ ಅವರದೇ. ಗಂಡನ ಒತ್ತಾಯಕ್ಕೋ, ಮದುವೆ ಮನೆಯ ಫೋಟೋಗೋ, ತಿಂಗಳ ಕೊನೆಯ ಆಫರಿಗೋ ಮಾಡಿಸಿಕೊಳ್ಳುವ ಆಪರೇಷನ್ ಇದಲ್ಲ. ತೂಕ ನಿಂತು, ಮಕ್ಕಳು ಸಾಕೆನಿಸಿ, ತಕ್ಕ ಸರ್ಜನ್ ಮತ್ತು ಐಸಿಯು ಇರುವ ಆಸ್ಪತ್ರೆ ಸಿಕ್ಕಿ, ಆರು ವಾರ ಕೈಜೋಡಿಸುವ ಜನ ಇದ್ದರೆ ಮುಂದುವರಿಯಿರಿ. ಇವುಗಳಲ್ಲಿ ಒಂದು ಇಲ್ಲದಿದ್ದರೂ ಕಾಯಿರಿ. ಆಪರೇಷನ್ ಎಲ್ಲಿಗೂ ಓಡಿಹೋಗುವುದಿಲ್ಲ.

ಇದು ತಿಳಿವಳಿಕೆಗಾಗಿ ಬರೆದ ಲೇಖನ. ನಿಮ್ಮ ದೇಹಕ್ಕೆ ಯಾವುದು ಸರಿ ಎಂಬುದನ್ನು ನಿಮ್ಮನ್ನು ಪರೀಕ್ಷಿಸಿದ ವೈದ್ಯರೇ ಹೇಳಬೇಕು.

ಉಪಯೋಗವೆನಿಸಿದರೆ ನಿಮ್ಮ ಅಪಾರ್ಟ್‌ಮೆಂಟಿನ, ಕನ್ನಡ ಸಂಘದ, ಬಂಧುಬಳಗದ ಗುಂಪುಗಳಿಗೆ ಕಳುಹಿಸಿ. ಗಂಡಸರೂ ಓದಲಿ. 🌼